ಜೋಳದ ಹಾಳೆ ಹರಿಯದಿರಲು

ಪ್ರಶ್ನೆ: ಜೋಳದ ಪಿಷ್ಟಕ್ಕೆ ಗ್ಲಿಸರಿನ್ ಸೇರಿಸಿ, ಕಾಯಿಸಿ, ತೆಳು ಹಾಳೆ ಮಾಡಿದೆ. ಎಳೆದರೆ ಹರಿಯುತ್ತದೆ, ಮಳೆ ಬಂದರೆ ಮೆತ್ತಗಾಗುತ್ತದೆ. ಗ್ರಾಫೀನ್ ಹಾಕಿದರೆ ಗಟ್ಟಿಯಾಗುತ್ತದಾ ಸರ್?
– ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಆಗುತ್ತದಮ್ಮ. ಆದರೆ ಬರೀ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಪದರ) ನೀರಲ್ಲಿ ಬೆರೆಯದೆ ಗಂಟು ಕಟ್ಟುತ್ತದೆ, ಗ್ರಾಫೀನ್ ಆಕ್ಸೈಡ್ ತಗೊಳ್ಳಿ. ಅದರ ಪದರಗಳ ಮೇಲೆ ಆಮ್ಲಜನಕವಿರುವ ಗುಂಪುಗಳಿವೆ, ಅವು ಪಿಷ್ಟದ ಸರಪಳಿಗಳನ್ನು ಹೈಡ್ರೋಜನ್ ಬಂಧದಿಂದ, ಅಂದರೆ ಅಣುಗಳ ನಡುವಿನ ಸೆಳೆತದಿಂದ, ಹಿಡಿದುಕೊಳ್ಳುತ್ತವೆ, ಹಾಗಾಗಿ ಎಳೆದಾಗ ಬೀಳುವ ಭಾರ ಆ ಗಟ್ಟಿ ಪದರಗಳಿಗೆ ದಾಟುತ್ತದೆ. ಮಣ್ಣಿನ ಗೋಡೆಗೆ ಹೊಟ್ಟು ಕಲಸುತ್ತಾರಲ್ವಾ, ಹಾಗೆ. ಪಿಷ್ಟದ ತೂಕದ 1%ರ ಆಸುಪಾಸಿನಿಂದ ಶುರು ಮಾಡಿ. ಜಾಸ್ತಿಯಾದರೆ ಪದರಗಳು ಒಂದಕ್ಕೊಂದು ಅಂಟಿ, ಹಾಳೆ ಅಲ್ಲಿಂದಲೇ ಹರಿಯುತ್ತದೆ. ಮೊದಲು ಆಕ್ಸೈಡನ್ನು ನೀರಲ್ಲಿ ಹಾಕಿ, ಅಲ್ಟ್ರಾಸೋನಿಕ್ ಯಂತ್ರದಲ್ಲಿಟ್ಟು (ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಅಲುಗಿಸುವ ಯಂತ್ರ) ಪದರಗಳನ್ನು ಬಿಡಿಸಿ, ಆಮೇಲೆ ಗಂಜಿಗೆ ಸೇರಿಸಿ. ಗ್ಲಿಸರಿನ್ ತೇವ ಎಳೆಯುತ್ತದೆ, ಅದನ್ನೂ ಸ್ವಲ್ಪ ಇಳಿಸಿ. ಆಕ್ಸೈಡಿನ ಒಣ ಪುಡಿ ಮೂಗಿಗೆ ಹೋಗಬಾರದು, ಇದನ್ನೆಲ್ಲ ಕಾಲೇಜಿನ ಲ್ಯಾಬ್‌ನಲ್ಲೇ ಮಾಡಿ.