ಗೆರೆ ಬಿದ್ದ ಪ್ರಿಂಟು ಅದ್ಹೆಂಗೆ ಕಲೆ ಆಗುತ್ತೆ?

ಪ್ರಿಂಟರಿಂದ್ಲೇ ಚಿತ್ರ ಮಾಡೋ ಅಮೆರಿಕದ ಕಲಾವಿದ ವೇಡ್ ಗೈಟನ್ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಕೋಲಾರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರೋ ಓದುಗರೊಬ್ಬರು ಗರಂ ಆಗಿದಾರೆ: "ಪ್ರಿಂಟರ್ ಹೆಡ್ ಕ್ಲೀನ್ ಮಾಡ್ದೆ ಹೊಡೆದ್ರೆ ನಮ್ಮಲ್ಲೂ ಬಿಳಿ ಗೆರೆ ಬೀಳುತ್ತೆ, ಗಿರಾಕಿ ಬೈದು ದುಡ್ಡು ಕೊಡ್ದೆ ಹೋಗ್ತಾನೆ. ಅದೇ ಅಮೆರಿಕದವನು ಮಾಡಿದ್ರೆ ಮ್ಯೂಸಿಯಂ ಅಂತೆ. ಯಾರ ಕಿವಿಗೆ ಹೂ ಇಡ್ತಿದೀರ?"

ಸ್ವಾಮಿ, ಮಿಷಿನ್ ಗೊತ್ತಿರೋರು ಕೇಳಿದೀರ, ಹಂಗಾಗಿ ಮಿಷಿನ್ನಿಂದ್ಲೇ ಶುರು ಮಾಡ್ತೀನಿ. ಗೈಟನ್ ತನ್ನ ಕಪ್ಪು ಚಿತ್ರಗಳ್ನ ಹೊಡೆದ ಎಪ್ಸನ್ ಪ್ರಿಂಟರ್ ಅಗಲ 44 ಇಂಚು, ಚಿತ್ರ ಅದಕ್ಕಿಂತ ಅಗಲ ಬೇಕಿತ್ತು, ಅದಕ್ಕೆ ಲಿನನ್ ಬಟ್ಟೆನ ಉದ್ದಕ್ಕೆ ಮಡಚಿ ಒಂದು ಮಗ್ಗುಲು ಹೊಡೆದು, ತಿರುಗಿಸಿ ಇನ್ನೊಂದು ಮಗ್ಗುಲು ಹೊಡೀತಿದ್ದ. ಕಾಗದಕ್ಕೆ ಮಾಡಿರೋ ಮಿಷಿನ್ನಲ್ಲಿ ಬಟ್ಟೆ ಸಿಕ್ಕಾಕ್ಕೊಳ್ಳುತ್ತೆ, ಎಳೆದ್ರೆ ಇಂಕ್ ಕಲಸಿ ಹೋಗುತ್ತೆ, ನೆಲದ ಮೇಲೆ ಎಳೆದಾಡಿದ ಗೀರು ಬೇರೆ. ಬಿಚ್ಚಿ ನೋಡಿದ್ರೆ ನಟ್ಟನಡುವೆ ಮಡಿಕೆಯ ಗೆರೆ, ಎಡಗಡೆ ಕಪ್ಪಿಗೂ ಬಲಗಡೆ ಕಪ್ಪಿಗೂ ಒಂದು ನೂಲು ಮೇಲೆ ಕೆಳಗೆ. ಡೂಂಲೈಟ್ ಸರ್ಕಲ್ಲಲ್ಲಿ ಕಟ್ಟೋ ದೊಡ್ಡ ಬ್ಯಾನರ್‌ಗೆ ಎರಡು ಪೀಸ್ ಅಂಟಿಸುವಾಗ ಲೀಡರ್ ಮೂಗು ಎರಡಾಗ್ದಂಗೆ ನೀವು ಒದ್ದಾಡ್ತೀರಲ್ಲ, ಅದೇ ಜಾಗ ಅದು.

ಆದ್ರೆ ನಿಮ್ಮ ಬ್ಯಾನರ್‌ನಲ್ಲಿ ಮೂಗು ಕಾಣ್ಬೇಕು, ಗೆರೆ ಅದನ್ನ ಕೆಡಿಸುತ್ತೆ. ಇವನ ಆ ಕಪ್ಪು ಚಿತ್ರಗಳ ಫೈಲಲ್ಲಿ ಇರೋದೇ ಬರೀ ಕಪ್ಪು ಆಯತ, ಒಳಗೆ ನೋಡೋಕೆ ಬೆಟ್ಟ ಇಲ್ಲ ಮುಖ ಇಲ್ಲ, ಉಳಿಯೋದು ಬಟ್ಟೆ, ಇಂಕು, ಮಿಷಿನ್ ಎಲ್ಲೆಲ್ಲಿ ತಡವರಿಸ್ತು ಅನ್ನೋದು. ಇದೇನು ಪ್ರಿಂಟರ್ ಬಂದ್ಮೇಲೆ ಹುಟ್ಟಿದ್ದಲ್ಲ. 1952ರಲ್ಲೇ ಹೆಲೆನ್ ಫ್ರಾಂಕೆಂಥೇಲರ್ ಅನ್ನೋ ಅಮೆರಿಕದ ಚಿತ್ರಗಾರ್ತಿ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯೋ ಲೇಪ) ಹೊಡೀದೆ ಇರೋ ಕ್ಯಾನ್ವಾಸ್ ನೆಲಕ್ಕೆ ಹಾಸಿ ತೆಳ್ಳಗೆ ಮಾಡಿದ ಆಯಿಲ್ ಪೇಂಟ್ ಸುರಿದ್ಲು, ಬಣ್ಣ ಮೇಲೆ ಕೂರದೆ ಬಟ್ಟೆ ಒಳಕ್ಕೇ ಇಳೀತು. ಅದಕ್ಕೂ ಮುಂಚೆ ಮಾರ್ಸೆಲ್ ಡುಶಾಂಪ್ ಅನ್ನೋ ಫ್ರೆಂಚ್ ಕಲಾವಿದ, 1915ರಿಂದ 23ರವರೆಗೆ ಮಾಡಿದ ದೊಡ್ಡ ಗಾಜಿನ ಕೃತಿ ಬ್ರೂಕ್ಲಿನ್ ಪ್ರದರ್ಶನದಿಂದ ವಾಪಸ್ ಬರುವಾಗ ದಾರೀಲಿ ಬಿರುಕು ಬಿಟ್ಟಿತ್ತು, 1936ರಲ್ಲಿ ಕೂತು ಚೂರು ಚೂರು ಜೋಡಿಸಿದ, ಬಿರುಕು ಮಾತ್ರ ಮುಚ್ಚಲಿಲ್ಲ. ಈಗ್ಲೂ ಫಿಲಡೆಲ್ಫಿಯಾ ಮ್ಯೂಸಿಯಂನಲ್ಲಿ ಹಂಗೇ ನಿಂತಿದೆ. ತಪ್ಪು ತಾನಾಗೇ ಆಗುತ್ತೆ, ಯಾವ ತಪ್ಪು ಇಟ್ಕೋಬೇಕು ಯಾವುದು ಬಿಸಾಕ್ಬೇಕು ಅಂತ ಒಬ್ಬ ಕೂತು ನಿರ್ಧಾರ ಮಾಡ್ಬೇಕಲ್ಲ, ನನ್ನ ಲೆಕ್ಕದಲ್ಲಿ ಕಲೆ ಇರೋದು ಅಲ್ಲಿ.

ಬೇಕಂತ್ಲೇ ಬಣ್ಣ ಚೆಲ್ಲಿ "ಆಕಸ್ಮಿಕ" ಅಂತ ಬೋರ್ಡ್ ತಗಲಾಕೋರೂ ಬೇಜಾನ್ ಇದಾರೆ ಬಿಡಿ, ಅವರನ್ನ ನೀವು ಬೈದ್ರೆ ನಂದೂ ಒಂದು ಸೈನ್ ಇರ್ಲಿ.

ಇನ್ನು ರೇಟು. 2014ರಲ್ಲಿ ಗೈಟನ್‌ನ ಬೆಂಕಿ ಜ್ವಾಲೆ ಇರೋ ಒಂದು ಚಿತ್ರ ಕ್ರಿಸ್ಟೀಸ್ ಅನ್ನೋ ದೊಡ್ಡ ಹರಾಜು ಕಂಪನೀಲಿ ಹರಾಜಿಗೆ ಬಂತು, ಹರಾಜಿಗೆ ಮುಂಚೆ ಆತನೇ, ಎಷ್ಟು ಬೇಕಾದ್ರೂ ಪ್ರಿಂಟ್ ತೆಗೀಬಹುದು ಅಂತ ತೋರಿಸೋ ಹಂಗೆ, ಅದೇ ಫೈಲಿಂದ ಮತ್ತೆ ಮತ್ತೆ ಪ್ರಿಂಟ್ ತೆಗೆದು ಇನ್‌ಸ್ಟಾಗ್ರಾಮಲ್ಲಿ ಫೋಟೋ ಹಾಕ್ದ. ಆದ್ರೂ ಹತ್ತಿರ ಹತ್ತಿರ 35 ಲಕ್ಷ ಡಾಲರಿಗೆ ಹೋಯ್ತು. ಯಾಕೆ ಅಂತ ನನ್ನ ಕೇಳ್ಬೇಡಿ, ಕೊಂಡೋರನ್ನ ಕೇಳಿ.

— ಸಂ.