ಒಬ್ಬರೇ ವಕೀಲರಿಗೆ ಎರಡೂ ಕೇಸು ಕೊಡಬಹುದಾ?

ಅಕ್ಕಾ, ಪಿತ್ರಾರ್ಜಿತ ಜಮೀನಿನ ಪಾಲು, ಚೆಕ್ ಬೌನ್ಸ್ ಎರಡನ್ನೂ ತಾಲೂಕಿನ ಒಬ್ಬರೇ ವಕೀಲರಿಗೆ ಕೊಡಬಹುದಾ ಎಂದು ಕೇಳಿದ್ದೀರಿ. ಖಂಡಿತ ಕೊಡಬಹುದು. ತಾಲೂಕು ಕೋರ್ಟಿನ ವಕೀಲರು ಪಾಲು, ಜೀವನಾಂಶ, ಅಪಘಾತ ಪರಿಹಾರ, ಜಾಮೀನು ಹೀಗೆ ಎಲ್ಲ ಬಗೆಯ ಕೇಸು ನಡೆಸುತ್ತಾರೆ.

ಆದರೆ ಚೆಕ್ ವಿಷಯ ಮೊದಲು ನೋಡಿ, ದಯವಿಟ್ಟು. ಚೆಕ್ ವಾಪಸಾಗಿದೆ ಎಂದು ಬ್ಯಾಂಕ್ ತಿಳಿಸಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಕಳಿಸಬೇಕು. ಅದು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು ಹಾಕಬೇಕು. ‘ನಾಳೆ ಕೊಡ್ತೀನಿ’ ಎನ್ನುವ ಮಾತು ನಂಬಿ ಸುಮ್ನೆ ದಿನ ಕಳೆಯಬೇಡಿ.

ಮದುವೆಯಾದವಳಿಗೆ ಪಾಲಿಲ್ಲ ಎಂದು ಅಣ್ಣ ಹೇಳಿದ್ದು ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಪಹಣಿ, ವಂಶವೃಕ್ಷ ತೆಗೆಸಿಡಿ. ಫೀಸಿನ ಚಿಂತೆ ಜಾಸ್ತಿ ಇದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿದೆ.