ಮೀಟರ್ 180 ತೋರಿಸಿದರೆ ನಳದ ನೀರು ಕುಡಿಸಬಹುದಾ?

ಪ್ರಶ್ನೆ: ಅಕ್ಕಾ, ನಮ್ಮ ಓಣಿಗೆ ಎಂಟು-ಹತ್ತು ದಿನಕ್ಕೊಮ್ಮೆ ನಳದ ನೀರು ಬರುತ್ತದೆ. ಅದು ಮುಗಿದರೆ ಪಕ್ಕದ ಮನೆಯ ಬೋರ್ ನೀರೇ ಗತಿ. ಮಗಳಿಗೆ 4 ವರ್ಷ, ಮಗನಿಗೆ 5 ತಿಂಗಳು. ಕುದಿಸಿದರೆ ಯಾವ ನೀರಾದರೂ ನಡೆಯುತ್ತದೆ ಅಂತಾರೆ ಅತ್ತೆ. ನಮ್ಮ ಮನೆಯವರು ಟಿಡಿಎಸ್ ಮೀಟರ್ ತಂದಿದ್ದಾರೆ. ನಳದ ನೀರಿಗೆ 180, ಬೋರ್ ನೀರಿಗೆ 900 ತೋರಿಸಿತು. ನಳದ ನೀರನ್ನು ಹಾಗೇ ಕುಡಿಸಬಹುದಾ?
– ಒಬ್ಬ ತಾಯಿ, ಗದಗ-ಬೆಟಗೇರಿ

ಉತ್ತರ: ಹಾಗೇ ಕುಡಿಸಬೇಡ ತಂಗಿ. ಆ ಮೀಟರ್ ನೀರಲ್ಲಿ ಕರಗಿದ ಲವಣ ಎಷ್ಟು ಅಂತಷ್ಟೇ ಹೇಳುತ್ತದೆ. ರೋಗಾಣು ಅದಕ್ಕೆ ಗೊತ್ತಾಗುವುದಿಲ್ಲ. ಸ್ವಲ್ಪ ಗಟಾರದ ನೀರು ಸೇರಿದರೆ 180 ಇದ್ದದ್ದು 190 ಆದೀತು, ಅಷ್ಟೇ. ಇಪ್ಪತ್ತಾರು ವರ್ಷ ನೀರು ಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು ನಾನು. ಸುಮ್ನೆ ಹೆದರಿಸಲು ಹೇಳುತ್ತಿಲ್ಲ.

ನಿಮ್ಮ ನಳಕ್ಕೆ ಬರುವುದು ತುಂಗಭದ್ರೆ ನೀರು. ಶುದ್ಧ ಮಾಡಿ, ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ತೊಂದರೆ ಇರುವುದು ದಾರಿಯಲ್ಲಿ. ಮುಂದಿನ ಸಲ ನೀರು ನಿಲ್ಲುವಾಗ ನಳದ ಬಾಯಿಗೆ ಅಂಗೈ ಒತ್ತಿ ನೋಡು. ಎಷ್ಟೋ ಸಲ ಒಳಗೆ ಎಳೆಯುತ್ತದೆ. ಗಟಾರದ ಪಕ್ಕ ಪೈಪು ಒಡೆದಿದ್ದರೆ ಅದೇ ಎಳೆತಕ್ಕೆ ಅಲ್ಲಿನ ಹೊಲಸೂ ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಹಾಗಾಗಿ ಮೊದಲ ನಾಲ್ಕೈದು ಕೊಡ ನೆಲ ತೊಳೆಯಲು ಇಟ್ಟುಕೋ. ಆಮೇಲಿನದನ್ನು ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸು. ರೋಗಾಣು ಸಾಯಲು ಅಷ್ಟು ಸಾಕು.

ಇಳಿಸಿದ ಮೇಲೂ ನೀರು ಕೆಡುತ್ತದೆ. ನನ್ನ ಮಗ ಮೂರು ವರ್ಷದವನಿದ್ದಾಗ ಪದೇ ಪದೇ ಭೇದಿ ಆಗುತ್ತಿತ್ತು. ಕುದಿಸಿದ ನೀರೇ ಕೊಡುತ್ತಿದ್ದೆ, ಆದರೂ ನಿಲ್ಲಲಿಲ್ಲ. ಕೊನೆಗೆ ಹೊಲಸು ಸೇರಿದ್ದರೆ ಕಪ್ಪಾಗುವ ಪರೀಕ್ಷಾ ಬಾಟಲಿಗೆ ನಮ್ಮ ಅಡುಗೆಮನೆ ಕೊಡದ ನೀರನ್ನೇ ತುಂಬಿಟ್ಟೆ. ಮರುದಿನ ನೋಡಿದರೆ ಮಸಿಯಂತೆ ಕಪ್ಪು! ಮನೆಮಂದಿಯೆಲ್ಲ ಚರಗಿ ಅದ್ದಿ, ಬೆರಳೂ ಅದ್ದಿ ನೀರು ತೆಗೆಯುತ್ತಿದ್ದೆವು. ಅವತ್ತೇ ಕೆಳಗೆ ನಳ ಇರುವ, ಮುಚ್ಚಳದ ಸ್ಟೀಲ್ ಪಾತ್ರೆ ತಂದೆ. ನೀನೂ ಮೊದಲು ಅದನ್ನು ತಾ.

ಬೋರ್ ನೀರಿನ ಮಟ್ಟಿಗೆ ಅತ್ತೆಯವರ ಮಾತು ಸರಿಯಲ್ಲ. ನಮ್ಮ ಜಿಲ್ಲೆಯ ಬೋರ್‌ಗಳಲ್ಲಿ, ಅದರಲ್ಲೂ ಮುಂಡರಗಿ ಕಡೆ, ನೆಲದ ಕಲ್ಲಿನಿಂದ ನೀರಿಗೆ ಕರಗಿ ಬರುವ ಫ್ಲೋರೈಡ್ ಎಂಬ ಲವಣದ ಕಾಟ ಹಳೆಯದು. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಜಾಸ್ತಿಯಾಗುತ್ತದೆ. ಗೊಬ್ಬರ, ಗಟಾರದಿಂದ ನೆಲದ ನೀರಿಗೆ ಇಳಿಯುವ ನೈಟ್ರೇಟ್ ಕೂಡ ಹಾಗೇ. ನಿನ್ನ ಮಗಳ ಒಸಡಿನ ಒಳಗೆ ಈಗ ಕಾಯಂ ಹಲ್ಲು ಬೆಳೆಯುತ್ತಿವೆ. ಈ ವಯಸ್ಸಿನಲ್ಲಿ ಫ್ಲೋರೈಡ್ ಜಾಸ್ತಿ ಹೋದರೆ ಆ ಹಲ್ಲು ಮೂಡುವಾಗಲೇ ಸುಣ್ಣದಂಥ ಗೆರೆ ಹೊತ್ತು ಬರುತ್ತವೆ. ಜಾಸ್ತಿಯಾದರೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಲ್ಲು ಕಾಣಬಾರದು ಅಂತ ಬಾಯಿಗೆ ಕೈ ಅಡ್ಡ ಇಟ್ಟು ನಗುವ ಹುಡುಗಿಯರನ್ನು ನೋಡಿದ್ದೇನೆ, ಕರುಳು ಚುರುಕ್ ಅನ್ನುತ್ತದೆ.

ಆದ್ದರಿಂದ ಪರೀಕ್ಷೆ ಆಗುವ ತನಕ ಬೋರ್ ನೀರು ಕುಡಿಯಲೂ ಬೇಡ, ಅನ್ನ-ಸಾರಿಗೂ ಬೇಡ. ನಳದ ನೀರು ಮುಗಿದರೆ ಆರ್‌ಒ (ಕರಗಿದ ಲವಣವನ್ನೂ ಸೋಸಿ ತೆಗೆಯುವ ಯಂತ್ರ) ಇರುವ ಘಟಕದಿಂದ ಕ್ಯಾನ್ ತರಿಸು. ರೋಗಾಣು ಕೊಲ್ಲುವ ಬರೀ ಯುವಿ ದೀಪದ ಫಿಲ್ಟರ್ ಫ್ಲೋರೈಡ್ ತೆಗೆಯುವುದಿಲ್ಲ, ಅಂಗಡಿಯವರ ಮಾತಿಗೆ ಮರುಳಾಗಬೇಡ.

ಮಗನಿಗೆ ಆರು ತಿಂಗಳು ತುಂಬುವ ತನಕ ಎದೆಹಾಲು ಒಂದೇ. ಬಿಸಿಲು ಎಷ್ಟಿದ್ದರೂ ಒಂದು ಚಮಚ ನೀರೂ ಬೇಡ. ಹಾಲಿನಲ್ಲೇ ಅವನಿಗೆ ಬೇಕಾದಷ್ಟು ನೀರಿದೆ.

ಈ ವಾರವೇ ಒಂದು ಲೀಟರ್ ಬೋರ್ ನೀರನ್ನು ತೊಳೆದ ಬಾಟಲಿಯಲ್ಲಿ ತುಂಬಿ ಜಿಲ್ಲಾ ನೀರು ಪರೀಕ್ಷಾ ಲ್ಯಾಬಿಗೆ ಕೊಡು. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಒಪ್ಪುತ್ತಾರೆ. ನೈಟ್ರೇಟ್ 45 ದಾಟಬಾರದು. ವರದಿ ಬಂದ ಮೇಲೆ ಎರಡೂ ಅಂಕಿ ನನಗೆ ಬರೆದು ಕಳಿಸು.